ಮುಖಶೂಲೆಯೂ ಅದರ ಶಸ್ತ್ರಚಿಕಿತ್ಸೆಯೂ

ದೇಹಕ್ಕೆ ಬರುವ ನೋವುಗಳಲ್ಲಿ ಬಹುಪಾಲು ನಮ್ಮ ಉಪಕಾರಕ್ಕಾಗಿಯೇ ಬರತಕ್ಕವು. ಕಾಲಿಗೆ ಮುಳ್ಳು ಚುಚ್ಚಿದಾಗ, ಕೈಗೆ ಬೆಂಕಿ ತಾಕಿದಾಗ, ಹಲ್ಲು ಹುಳುಕಾದಾಗ, ನೋವು ಮನೆಯ ಕಾವಲುಗಾರನಂತೆ ಕೂಗಿ ನಮ್ಮನ್ನು ಎಚ್ಚರಗೊಳಿಸುತ್ತದೆ. ಆ ಕೂಗನ್ನು ಕೇಳಿ ನಾವು ಮುಳ್ಳನ್ನು ತೆಗೆಯುತ್ತೇವೆ, ಕೈಯನ್ನು ಹಿಂದಕ್ಕೆಳೆಯುತ್ತೇವೆ, ವೈದ್ಯರಲ್ಲಿಗೆ ಹೋಗುತ್ತೇವೆ. ಆದರೆ ಕಳ್ಳನ ಸುಳಿವೇ ಇಲ್ಲದಿರುವಾಗ, ಗಾಳಿಗೆ ಎಲೆಯೊಂದು ಅಲುಗಿದ ಮಾತ್ರಕ್ಕೆ, ಮನೆಯವರೆಲ್ಲ ಬೆಚ್ಚಿಬೀಳುವಂತೆ ದಿನಕ್ಕೆ ನೂರು ಸಾರಿ ಕೂಗಿಕೊಳ್ಳುವ ಕಾವಲುಗಾರನಿದ್ದರೆ ಆ ಮನೆಯ ಗತಿಯೇನು? ಇಂದು ನಾವು ಶ್ರೋತೃಗಳ ಮುಂದೆ ವಿಚಾರಮಾಡಬೇಕೆಂದಿರುವುದು ಅಂಥ ಒಂದು ನೋವನ್ನೂ, ಅದನ್ನು ಅಡಗಿಸಲು ಶಸ್ತ್ರವೈದ್ಯರು ಕಂಡುಕೊಂಡಿರುವ ನಾನಾ ಮಾರ್ಗಗಳನ್ನೂ ಕುರಿತು.

ಈ ವ್ಯಾಧಿಗೆ ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಟ್ರೈಜೆಮಿನಲ್ ನ್ಯೂರಾಲ್ಜಿಯ ಎಂದು ಹೆಸರು. ಮಾತಿನ ಸೌಕರ್ಯಕ್ಕಾಗಿ ನಾವು ಇದನ್ನು ಮುಖಶೂಲೆಯೆಂದು ಕರೆಯೋಣ. ಮುಖದ ಒಂದೇ ಪಾರ್ಶ್ವದಲ್ಲಿ, ಕೆನ್ನೆ, ದವಡೆ, ಒಸಡು, ತುಟಿ, ಅಪರೂಪವಾಗಿ ಹಣೆ, ಈ ಸ್ಥಳಗಳಲ್ಲಿ ಮಿಂಚು ಹೊಡೆದಂತೆ ಒಂದು ವೇದನೆ ಹಾಯ್ದುಹೋಗುತ್ತದೆ. ಅದು ಇರುವುದು ಕೆಲವೇ ಕ್ಷಣ. ಹೆಚ್ಚೆಂದರೆ ಎರಡು ನಿಮಿಷ. ಆದರೆ ಆ ಕ್ಷಣದಲ್ಲಿ ರೋಗಿಯು ಮಾತನ್ನು ಅರ್ಧದಲ್ಲೇ ನಿಲ್ಲಿಸಿ, ಕಲ್ಲಿನಂತೆ ಅಲುಗಾಡದೆ ಕುಳಿತುಬಿಡುತ್ತಾನೆ. ಒಂದು ಹೊಡೆತಕ್ಕೂ ಮತ್ತೊಂದಕ್ಕೂ ನಡುವೆ ಸಾಮಾನ್ಯವಾಗಿ ಏನೂ ನೋವಿರುವುದಿಲ್ಲ. ಮುಂದಿನದು ಯಾವಾಗ ಬಂದೀತೋ ಎಂಬ ಭೀತಿ ಮಾತ್ರ ಇರುತ್ತದೆ. ವಾರಗಟ್ಟಲೆ ಕಾಡಿ, ತಿಂಗಳುಗಟ್ಟಲೆ ಮರೆಯಾಗಿ, ಮತ್ತೆ ಕಾಣಿಸಿಕೊಳ್ಳುವುದೂ ಇದರ ಸ್ವಭಾವ. ವರುಷಗಳು ಕಳೆದಂತೆ ಬಿಡುವಿನ ಕಾಲವು ಕಡಮೆಯಾಗುತ್ತ ಬರುವುದುಂಟು.

ಇದರ ಇನ್ನೊಂದು ವೈಚಿತ್ರ್ಯವನ್ನು ಗಮನಿಸಬೇಕು. ಗಟ್ಟಿಯಾಗಿ ಒತ್ತಿದರೆ ಬಾರದ ನೋವು ಹಗುರವಾಗಿ ಸೋಕಿದರೆ ಬರುತ್ತದೆ. ಮುಖ ತೊಳೆಯುವುದು, ಹಲ್ಲುಜ್ಜುವುದು, ಕ್ಷೌರ ಮಾಡಿಕೊಳ್ಳುವುದು, ತುತ್ತನ್ನು ಅಗಿಯುವುದು, ತಾಂಬೂಲ ಹಾಕಿಕೊಳ್ಳುವುದು, ನಗುವುದು, ತಣ್ಣನೆಯ ಗಾಳಿ ಕೆನ್ನೆಗೆ ತಾಕುವುದು, ಇಷ್ಟೇ ಸಾಕು. ಆದುದರಿಂದ ರೋಗಿಯು ಮುಖದ ಒಂದು ಅರ್ಧವನ್ನು ತೊಳೆಯದೆ ಬಿಡುತ್ತಾನೆ. ಅನ್ನವನ್ನು ಬಿಟ್ಟು ಗಂಜಿಗೆ ಇಳಿಯುತ್ತಾನೆ. ಮಾತನ್ನೇ ಕಡಮೆ ಮಾಡುತ್ತಾನೆ. ಹೊರಗೆ ಗಾಯವಿಲ್ಲ, ಬಾವಿಲ್ಲ, ಜ್ವರವಿಲ್ಲ. ನೋಡುವವರಿಗೆ ಇವನಿಗೆ ಏನೂ ಆಗಿಲ್ಲವೆಂದೇ ತೋರುತ್ತದೆ. ನೋವು ಅನುಭವಿಸುವುದು ಒಂದು ಕಷ್ಟ. ಅದನ್ನು ಪರರು ನಂಬದಿರುವುದು ಅದರ ಮೇಲಿನ ಕಷ್ಟ. ಐವತ್ತು ವರ್ಷ ದಾಟಿದವರಲ್ಲಿ ಇದು ಹೆಚ್ಚು. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಎಡಗಡೆಗಿಂತ ಬಲಗಡೆಯಲ್ಲಿ ಹೆಚ್ಚು.

ದವಡೆಯಲ್ಲಿ ನೋವು ಕಾಣಿಸಿಕೊಂಡಾಗ ಯಾರಾದರೂ ಮೊದಲು ಹಲ್ಲನ್ನು ಶಂಕಿಸುವುದು ಸಹಜ. ಹೀಗಾಗಿ ಈ ರೋಗಿಗಳಲ್ಲಿ ಅನೇಕರು ಒಂದರ ಹಿಂದೊಂದಾಗಿ ಒಳ್ಳೆಯ ಹಲ್ಲುಗಳನ್ನು ಕೀಳಿಸಿಕೊಂಡು, ನೋವು ಹೋಗದಿದ್ದಾಗಲೇ ನರವೈದ್ಯರ ಬಳಿಗೆ ಬರುತ್ತಾರೆ. ಹಲ್ಲುನೋವು ಗಂಟೆಗಟ್ಟಲೆ ಮಿಡಿಯುವುದು, ಬಿಸಿ ತಣ್ಣನೆಯ ಪದಾರ್ಥಗಳಿಂದ ಕೆರಳುವುದು. ಮುಖಶೂಲೆಯು ಕ್ಷಣಮಾತ್ರದ ಹೊಡೆತ, ಸೋಕಿದ ಮಾತ್ರಕ್ಕೆ ಏಳುವುದು. ಈ ಭೇದವನ್ನು ಜನರು ತಿಳಿದಿದ್ದರೆ ಎಷ್ಟೋ ಹಲ್ಲುಗಳು ಉಳಿಯುವುವು.

ಈಗ ಈ ನೋವಿನ ದಾರಿಯನ್ನು ತಿಳಿಯೋಣ. ಮಿದುಳಿನಿಂದ ನೇರವಾಗಿ ಹೊರಡುವ ನರಗಳು ೧೨ ಜೊತೆ. ಅವುಗಳಲ್ಲಿ ಐದನೆಯದು ಎಲ್ಲಕ್ಕಿಂತ ದಪ್ಪನಾದದ್ದು. ಮೂರು ಕವಲಾಗಿ ಒಡೆಯುವುದರಿಂದ ಅದನ್ನು ತ್ರಿಶಾಖ ನರವೆನ್ನಬಹುದು. ಮಿದುಳಿನ ಕಾಂಡದಿಂದ ಹೊರಟ ಈ ನರವು ಸ್ವಲ್ಪ ದೂರ ಮುಂದಕ್ಕೆ ಸಾಗಿ, ಕಪಾಲದ ತಳದಲ್ಲಿರುವ ಒಂದು ಚಿಕ್ಕ ಗುಳಿಯಲ್ಲಿ ಗಂಟಿನಂತೆ ಉಬ್ಬುತ್ತದೆ. ವಿಯೆನ್ನ ನಗರದ ಗ್ಯಾಸರ್ ಎಂಬ ಪಂಡಿತನ ಹೆಸರಿನಿಂದ ಅದಕ್ಕೆ ಗ್ಯಾಸರನ ಗಂಟೆಂದು ಪ್ರಸಿದ್ಧಿ. ಅಲ್ಲಿಂದ ಮೂರು ಶಾಖೆಗಳು ಹೊರಡುತ್ತವೆ. ಮೊದಲನೆಯದು ಹಣೆಗೂ ಕಣ್ಣಿಗೂ, ಎರಡನೆಯದು ಕೆನ್ನೆ, ಮೇಲ್ದುಟಿ, ಮೇಲಿನ ಹಲ್ಲುಗಳಿಗೂ, ಮೂರನೆಯದು ಕೆಳದವಡೆಗೂ ಹೋಗುತ್ತದೆ. ಮುಖದ ಸ್ಪರ್ಶಜ್ಞಾನವೆಲ್ಲ ಈ ನರದ ಅಧೀನ. ಮೂರನೆಯ ಶಾಖೆಯ ಜೊತೆಯಲ್ಲಿ ಅಗಿಯುವ ಸ್ನಾಯುಗಳಿಗೆ ಆಜ್ಞೆ ಕೊಡುವ ಒಂದು ಸಣ್ಣ ಎಳೆಯೂ ಇದೆ. ಮುಖವನ್ನು ಅಲುಗಿಸುವ ನರ ಇದಲ್ಲ, ಅದು ಏಳನೆಯದು. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನ ಬರುವುದು.

ಆರೋಗ್ಯವಾದ ಈ ನರವು ಹೀಗೇಕೆ ಕೆರಳುತ್ತದೆ? ಬಹುಮಂದಿ ರೋಗಿಗಳಲ್ಲಿ ಕಂಡುಬಂದಿರುವ ಕಾರಣವು ಒಂದು ರಕ್ತನಾಳ. ನರವು ಮಿದುಳಿನ ಕಾಂಡದಿಂದ ಹೊರಡುವ ಬುಡದಲ್ಲಿ, ಚಿಕ್ಕಮಿದುಳಿಗೆ ರಕ್ತವನ್ನೊಯ್ಯುವ ಧಮನಿಯೊಂದು ವಯಸ್ಸಾದಂತೆ ಉದ್ದವಾಗಿ, ಜೋತು, ನರದ ಮೇಲೆ ಒರಗುತ್ತದೆ. ನಾಡಿ ಮಿಡಿದಾಗಲೆಲ್ಲ ಅದು ನರವನ್ನು ತಟ್ಟುತ್ತದೆ. ವಿದ್ಯುಚ್ಛಕ್ತಿಯ ತಂತಿಗೆ ಸುತ್ತಿರುವ ರಬ್ಬರಿನ ಹೊದಿಕೆಯಂತೆ ನರದ ಎಳೆಗಳಿಗೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ವರುಷಗಳ ಈ ತಟ್ಟುವಿಕೆಯಿಂದ ಆ ಹೊದಿಕೆ ಸವೆದುಹೋದಾಗ, ಒಂದು ಎಳೆಯ ಸಂದೇಶವು ಪಕ್ಕದ ಎಳೆಗೆ ಹಾರುತ್ತದೆ. ಸ್ಪರ್ಶದ ಸುದ್ದಿ ನೋವಿನ ಸುದ್ದಿಯಾಗಿ ಮಿದುಳನ್ನು ಮುಟ್ಟುತ್ತದೆ. ಆದರೂ ಈ ವಿವರಣೆಯು ಪರಿಪೂರ್ಣವಲ್ಲ. ರಕ್ತನಾಳವು ನರವನ್ನು ತಾಕುತ್ತಿದ್ದರೂ ನೋವನ್ನೇ ಅರಿಯದವರಿದ್ದಾರೆ. ತಾಕುವ ರಕ್ತನಾಳವಿಲ್ಲದೆಯೂ ನೋವುಣ್ಣುವವರಿದ್ದಾರೆ. ಕೆಲವರಲ್ಲಿ ನರದ ಬಳಿ ಬೆಳೆದ ಗೆಡ್ಡೆಯಾಗಲಿ, ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರವ್ಯಾಧಿಯಾಗಲಿ ಕಾರಣವಾಗಿರುವುದುಂಟು. ಆದುದರಿಂದಲೇ ಚಿಕಿತ್ಸೆಯ ನಿರ್ಣಯಕ್ಕೆ ಮೊದಲು ಎಂ.ಆರ್.ಐ. ಎಂಬ ಕಾಂತಚಿತ್ರವನ್ನು ತೆಗೆಯಿಸುವುದು ಇಂದಿನ ಪದ್ಧತಿಯಾಗಿದೆ.

ಈ ರೋಗವು ಹೊಸದಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಹೇಳಿರುವ ೧೧ ಶಿರೋರೋಗಗಳಲ್ಲಿ ಅನಂತವಾತವೆಂಬುದೊಂದಿದೆ. ಕಣ್ಣು, ಹುಬ್ಬು, ಕಪೋಲಗಳಿಗೆ ಹರಡಿ ದವಡೆಯನ್ನು ಹಿಡಿಯುವ ಅದರ ಲಕ್ಷಣಗಳನ್ನು ನೋಡಿ ಇಂದಿನ ಆಯುರ್ವೇದ ಪಂಡಿತರಲ್ಲಿ ಅನೇಕರು ಅದನ್ನು ಮುಖಶೂಲೆಗೆ ಹೋಲಿಸುತ್ತಾರೆ. ಯೂರೋಪಿನಲ್ಲಿ, ತತ್ತ್ವಜ್ಞಾನಿಯೆಂದು ಪ್ರಸಿದ್ಧನಾದ ಜಾನ್ ಲಾಕ್, ವೈದ್ಯನೂ ಆಗಿದ್ದುದರಿಂದ, ೧೬೭೭ರಲ್ಲಿ ಪ್ಯಾರಿಸ್ ನಗರದಲ್ಲಿದ್ದ ಇಂಗ್ಲಿಷ್ ರಾಯಭಾರಿಯ ಪತ್ನಿಗೆ ಬಂದ ಇಂಥ ನೋವನ್ನು ಪತ್ರಗಳಲ್ಲಿ ವರ್ಣಿಸಿದನು. ಫ್ರಾನ್ಸಿನ ನಿಕೊಲಾ ಆಂದ್ರೆ ೧೭೫೬ರಲ್ಲಿ ಇದಕ್ಕೊಂದು ಹೆಸರಿಟ್ಟನು. ಲಂಡನ್ನಿನ ಜಾನ್ ಫೊದರ್‌ಗಿಲ್ ೧೭೭೩ರಲ್ಲಿ ಇದರ ಲಕ್ಷಣಗಳನ್ನು ಇಂದಿಗೂ ಒಪ್ಪುವಷ್ಟು ನಿಖರವಾಗಿ ವಿವರಿಸಿದನು.

ಹೆಸರು ಸಿಕ್ಕಿದ ಮಾತ್ರಕ್ಕೆ ರೋಗ ಸಿಕ್ಕಿದಂತಾಗಲಿಲ್ಲ. ಮುಖದಲ್ಲಿ ನೋವು, ಮುಖಕ್ಕೆ ಹೋಗುವ ನರವೊಂದಿದೆ, ಅದನ್ನು ಕತ್ತರಿಸಿದರೆ ನೋವು ನಿಲ್ಲಬೇಕು ಎಂಬ ತರ್ಕವನ್ನು ಹಿಡಿದು, ಅಂದಿನ ಶಸ್ತ್ರವೈದ್ಯರಲ್ಲಿ ಕೆಲವರು ನಾವು ಮೇಲೆ ಹೇಳಿದ ಏಳನೆಯ ನರವನ್ನೇ ಕತ್ತರಿಸಿದರು. ಫಲವೇನಾಯಿತೆಂದರೆ, ನೋವು ಇದ್ದಂತೆಯೇ ಇತ್ತು. ಅದರ ಮೇಲೆ ಮುಖದ ಅರ್ಧವು ಜೋತುಬಿದ್ದು ಕಣ್ಣು ಮುಚ್ಚದಂತಾಯಿತು. ಚಾರ್ಲ್ಸ್ ಬೆಲ್ ೧೮೨೦ರ ದಶಕದಲ್ಲಿ ಮುಖದ ಚಲನೆಗೆ ಒಂದು ನರ, ಅದರ ಅರಿವಿಗೆ ಇನ್ನೊಂದು ನರ ಎಂಬುದನ್ನು ವಿಶದಪಡಿಸಿದ ಮೇಲೆ ಈ ಅನರ್ಥವು ನಿಂತಿತು. ಎಲ್ಲಿ ಕತ್ತರಿಸಬೇಕೆಂಬ ಜ್ಞಾನವಿಲ್ಲದ ಕತ್ತಿಯು ಎಷ್ಟು ಹರಿತವಾಗಿದ್ದರೂ ವ್ಯರ್ಥವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಶಸ್ತ್ರಚಿಕಿತ್ಸೆಯ ಮಾತಿಗೆ ಬರುವ ಮುನ್ನ ಔಷಧದ ಮಾತನ್ನು ಹೇಳಲೇಬೇಕು. ಏಕೆಂದರೆ ಮುಖಶೂಲೆಗೆ ಮೊದಲನೆಯ ಚಿಕಿತ್ಸೆ ಕತ್ತಿಯಲ್ಲ, ಗುಳಿಗೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಎಂಬ ಔಷಧವು ಈ ನೋವನ್ನೂ ಅಡಗಿಸುತ್ತದೆಂದು ಸ್ವೀಡನ್ನಿನ ಬ್ಲೂಮ್ ಎಂಬ ವೈದ್ಯನು ೧೯೬೨ರಲ್ಲಿ ತಿಳಿಸಿದನು. ಸಾಮಾನ್ಯವಾದ ನೋವಿನ ಗುಳಿಗೆಗಳು ಇಲ್ಲಿ ಕೆಲಸಕ್ಕೆ ಬಾರವು. ಇದಾದರೋ ಬಹುಮಂದಿಗೆ ಮೊದಮೊದಲು ಆಶ್ಚರ್ಯಕರವಾದ ಗುಣವನ್ನು ಕೊಡುತ್ತದೆ. ಆದರೆ ತೂಕಡಿಕೆ, ತಲೆಸುತ್ತು, ರಕ್ತದಲ್ಲಿ ಸೋಡಿಯಮ್ ಲವಣದ ಇಳಿತ ಮುಂತಾದ ಉಪದ್ರವಗಳೂ ಇದಕ್ಕುಂಟು. ಕೆಲವರಿಗೆ ಅಪಾಯಕರವಾದ ಚರ್ಮದ ವಿಕಾರವು ಬರುವುದರಿಂದ, ಏಷ್ಯಾಖಂಡದ ಕೆಲವು ಜನವರ್ಗಗಳಲ್ಲಿ ಔಷಧವನ್ನು ಆರಂಭಿಸುವ ಮೊದಲು ರಕ್ತಪರೀಕ್ಷೆಯೊಂದನ್ನು ಮಾಡುವುದೂ ಉಂಟು. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಇದನ್ನು ಸೇವಿಸಲೂ ಬಾರದು, ತಟ್ಟನೆ ನಿಲ್ಲಿಸಲೂ ಬಾರದು. ಕಾಲಕ್ರಮದಲ್ಲಿ ಔಷಧವು ನೋವಿಗೆ ಸಾಲದಾದರೆ, ಅಥವಾ ರೋಗಿಯು ಔಷಧವನ್ನು ತಾಳಲಾರದಾದರೆ, ಆಗ ಶಸ್ತ್ರಚಿಕಿತ್ಸೆಯ ಪ್ರಶ್ನೆ ಏಳುತ್ತದೆ.

ಶಸ್ತ್ರಚಿಕಿತ್ಸೆಗಳು ನೋಡುವುದಕ್ಕೆ ಹಲವು, ತತ್ತ್ವದಲ್ಲಿ ಎರಡೇ. ಒಂದು ಬಗೆಯಲ್ಲಿ ನರವನ್ನು ಹಾಗೆಯೇ ಉಳಿಸಿ, ಅದನ್ನು ಪೀಡಿಸುತ್ತಿರುವುದನ್ನು ದೂರಮಾಡುತ್ತಾರೆ. ಇನ್ನೊಂದರಲ್ಲಿ ನರಕ್ಕೇ ಅಳತೆಯರಿತು ಪೆಟ್ಟು ಕೊಟ್ಟು, ನೋವಿನ ಸುದ್ದಿಯು ಮಿದುಳಿಗೆ ಹೋಗದಂತೆ ಮಾಡುತ್ತಾರೆ. ಮೊದಲನೆಯದರಲ್ಲಿ ಮುಖದ ಸ್ಪರ್ಶವು ಉಳಿಯುವ ಸಂಭವ ಹೆಚ್ಚು, ಆದರೆ ಕಪಾಲವನ್ನು ತೆರೆಯಬೇಕು. ಎರಡನೆಯದರಲ್ಲಿ ಕಪಾಲವನ್ನು ತೆರೆಯಬೇಕಾಗಿಲ್ಲ, ಆದರೆ ನೋವಿನ ಬದಲಿಗೆ ಸ್ವಲ್ಪವಾದರೂ ಜೋಮನ್ನು ಕೊಂಡುಕೊಳ್ಳಬೇಕಾದೀತು. ರೋಗಿಯ ಮುಂದಿರುವ ವ್ಯಾಪಾರವು ಇಷ್ಟೇ. ಉಳಿದುದೆಲ್ಲ ಇದರ ವಿವರ.

ಚಾರಿತ್ರಿಕವಾಗಿ ಮೊದಲು ಬಂದದ್ದು ನರವನ್ನು ಕೆಡಿಸುವ ಮಾರ್ಗ. ೧೮೯೦ರ ದಶಕದ ಆದಿಯಲ್ಲಿ ಅಮೆರಿಕದ ಹಾರ್ಟ್ಲಿ, ಜರ್ಮನಿಯ ಕ್ರೌಸೆ ಎಂಬವರು ಒಬ್ಬರನ್ನೊಬ್ಬರು ಅವಲಂಬಿಸದೆ, ಕಿವಿಯ ಮುಂದಣ ಕಪಾಲವನ್ನು ತೆರೆದು ಗ್ಯಾಸರನ ಗಂಟನ್ನು ತಲಪುವ ದಾರಿಯನ್ನು ಕಂಡುಕೊಂಡರು. ಹಾರ್ವಿ ಕುಷಿಂಗನು ೧೯೦೦ರಲ್ಲಿ ಆ ದಾರಿಯನ್ನು ಇನ್ನಷ್ಟು ನಿರಪಾಯಗೊಳಿಸಿದನು. ಮರುವರ್ಷ ಫಿಲಡೆಲ್ಫಿಯದಲ್ಲಿ ಫ್ರೇಜಿಯರನು, ಸ್ಪಿಲ್ಲರ್ ಎಂಬ ನರವೈದ್ಯನ ಸೂಚನೆಯಂತೆ, ಗಂಟನ್ನು ಕೀಳದೆ ಅದರ ಹಿಂದಿನ ಬೇರನ್ನು ಮಾತ್ರ ಕತ್ತರಿಸಿದನು. ನೋವು ಹೋಯಿತು, ಆದರೆ ಅರ್ಧಮುಖವು ಜನ್ಮಪರ್ಯಂತ ಮರಗಟ್ಟಿತು. ಕಣ್ಣಿನ ಅರಿವು ಹೋದವರ ಪಾಡು ಇನ್ನೂ ಕಷ್ಟ. ಧೂಳು ಬಿದ್ದರೂ ತಿಳಿಯದೆ ಕಣ್ಣಿನ ಮುಂಪೊರೆ ಹುಣ್ಣಾಗಿ ದೃಷ್ಟಿಗೇ ಅಪಾಯವೊದಗುತ್ತಿತ್ತು. ಕೆಲವರಲ್ಲಿ ಮರಗಟ್ಟಿದ ಸ್ಥಳದಲ್ಲಿಯೇ, ಮುಟ್ಟಿದರೆ ತಿಳಿಯದ ಚರ್ಮದಲ್ಲಿಯೇ, ಎಡೆಬಿಡದೆ ಉರಿಯುವ ಹೊಸದೊಂದು ನೋವು ಹುಟ್ಟಿತು. ಇದಕ್ಕೆ ಔಷಧವೂ ಕಡಮೆ, ಶಸ್ತ್ರವೂ ಕಡಮೆ. ನರವನ್ನು ಕೆಡಿಸುವ ಪ್ರತಿಯೊಂದು ವಿಧಾನದಲ್ಲಿಯೂ ಈ ಭಯವು ಇಂದಿಗೂ ಅಲ್ಪಸ್ವಲ್ಪ ಉಳಿದಿದೆ.

ಇನ್ನೊಂದು ಮಾರ್ಗದ ಬೀಜವು ಬಿದ್ದದ್ದು ಬಾಲ್ಟಿಮೋರ್ ನಗರದಲ್ಲಿ. ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯನು ಕಿವಿಯ ಹಿಂದಿನಿಂದ ಕಪಾಲವನ್ನು ತೆರೆದು ನರದ ಬುಡವನ್ನು ಕಣ್ಣಾರೆ ಕಾಣುವ ಪದ್ಧತಿಯನ್ನು ಹಿಡಿದನು. ಇನ್ನೂರಕ್ಕೂ ಹೆಚ್ಚು ರೋಗಿಗಳನ್ನು ಹೀಗೆ ಪರೀಕ್ಷಿಸಿ, ಅವರಲ್ಲಿ ಅನೇಕರಿಗೆ ರಕ್ತನಾಳವೊಂದು ನರವನ್ನು ಒತ್ತುತ್ತಿದ್ದುದನ್ನು ಕಂಡು, ಇದೇ ನೋವಿನ ಕಾರಣವಾಗಿರಬೇಕೆಂದು ೧೯೩೪ರಲ್ಲಿ ಬರೆದನು. ಆದರೂ ಅವನು ಮಾಡುತ್ತಿದ್ದುದು ನರದ ಛೇದನವೇ. ಒತ್ತುವ ನಾಳವನ್ನು ಬಿಡಿಸುವ ಪ್ರಯತ್ನವನ್ನು ೧೯೫೦ರ ದಶಕದ ಕೊನೆಯಲ್ಲಿ ಗಾರ್ಡ್ನರನು ಮಾಡಿದನು. ಸೂಕ್ಷ್ಮದರ್ಶಕವು ಶಸ್ತ್ರಶಾಲೆಯನ್ನು ಹೊಕ್ಕ ಮೇಲೆ, ೧೯೬೭ರಲ್ಲಿ ಪೀಟರ್ ಜನೆಟ್ಟನು ಈ ಒತ್ತುವಿಕೆಯನ್ನು ಸ್ಪಷ್ಟವಾಗಿ ವರ್ಣಿಸಿ, ನಾಳವನ್ನು ನರದಿಂದ ಬಿಡಿಸುವ ಕ್ರಮವನ್ನು ರೂಢಿಗೆ ತಂದನು. ಬಹುಕಾಲ ಇತರ ಶಸ್ತ್ರವೈದ್ಯರು ಇದನ್ನು ನಂಬಲಿಲ್ಲ. ರೋಗಿಗಳ ನೋವು ಹೋಗುತ್ತಿದ್ದುದೇ ಕೊನೆಗೆ ವಾದವನ್ನು ಗೆದ್ದಿತು.

ಈ ಚಿಕಿತ್ಸೆಯಲ್ಲಿ ರೋಗಿಗೆ ಪೂರ್ಣ ಮತ್ತನ್ನು ಕೊಟ್ಟು, ಕಿವಿಯ ಹಿಂದೆ ಚರ್ಮವನ್ನು ಸೀಳಿ, ಮೂಳೆಯಲ್ಲಿ ಒಂದು ರೂಪಾಯಿಯ ನಾಣ್ಯದಷ್ಟು ದ್ವಾರವನ್ನು ಮಾಡುತ್ತಾರೆ. ಚಿಕ್ಕಮಿದುಳನ್ನು ಮೆಲ್ಲನೆ ಸರಿಸಿ, ಸೂಕ್ಷ್ಮದರ್ಶಕದಲ್ಲಿ ನರದ ಬುಡವನ್ನು ಹುಡುಕಿ, ಅದರ ಮೇಲೆ ಒರಗಿರುವ ಧಮನಿಯನ್ನು ಎತ್ತಿ, ಎರಡರ ನಡುವೆ ಟೆಫ್ಲಾನ್ ಎಂಬ ವಸ್ತುವಿನ ಸಣ್ಣ ಹತ್ತಿಯಂಥ ಮೆತ್ತೆಯನ್ನಿಡುತ್ತಾರೆ. ಧಮನಿಯು ಮಿಡಿಯುವುದೇನೋ ಮಿಡಿಯುತ್ತಿರುತ್ತದೆ. ಪೆಟ್ಟು ಮಾತ್ರ ಮೆತ್ತೆಯ ಮೇಲೆ ಬೀಳುತ್ತದೆ. ಅನೇಕರಿಗೆ ಎಚ್ಚರವಾದಾಗಲೇ ನೋವು ಹೋಗಿರುತ್ತದೆ. ಜನೆಟ್ಟನ ಬಳಿ ೧೯೭೨ರಿಂದ ೧೯೯೧ರವರೆಗೆ ಚಿಕಿತ್ಸೆ ಪಡೆದ ೧೧೮೫ ಮಂದಿಯ ವೃತ್ತಾಂತವು ೧೯೯೬ರಲ್ಲಿ ಪ್ರಕಟವಾಯಿತು. ಹತ್ತು ವರ್ಷಗಳ ತರುವಾಯವೂ ನೂರಕ್ಕೆ ೭೦ ಮಂದಿ ಔಷಧವಿಲ್ಲದೆ ನೋವಿನಿಂದ ಮುಕ್ತರಾಗಿದ್ದರು. ಇಷ್ಟು ದೀರ್ಘವಾದ ಶಮನವನ್ನು ಕೊಡುವುದರಲ್ಲಿ ಬೇರಾವ ಚಿಕಿತ್ಸೆಯೂ ಇದಕ್ಕೆ ಸಮನಾಗಿಲ್ಲ.

ಆದರೆ ಇದು ಕಪಾಲದೊಳಗಿನ ಕೆಲಸವೆಂಬುದನ್ನು ಮರೆಯಬಾರದು. ಆ ಇಕ್ಕಟ್ಟಾದ ಸ್ಥಳದಲ್ಲಿ ಕಿವಿಯ ನರವೂ ನೆರೆಯಲ್ಲಿಯೇ ಇರುವುದರಿಂದ ಕೆಲವರಿಗೆ ಆ ಕಡೆಯ ಶ್ರವಣವು ಕುಂದುತ್ತದೆ. ಮಿದುಳಿನ ದ್ರವವು ಸೋರುವುದು, ಸೋಂಕು, ರಕ್ತಸ್ರಾವ, ಪಾರ್ಶ್ವವಾಯು, ಇವುಗಳೂ ಅಪರೂಪವಾಗಿ ಸಂಭವಿಸುತ್ತವೆ. ಪ್ರಾಣಹಾನಿಯು ಸಾವಿರಕ್ಕೆ ಎರಡರಿಂದ ಐದರಷ್ಟೆಂದು ಲೆಕ್ಕಹಾಕಿದ್ದಾರೆ. ಸಂಖ್ಯೆ ಸಣ್ಣದು, ಆದರೆ ಮುಖಶೂಲೆಯು ತಾನಾಗಿ ಪ್ರಾಣವನ್ನು ತೆಗೆಯುವ ರೋಗವಲ್ಲವಾದ್ದರಿಂದ, ಆ ಸಣ್ಣ ಸಂಖ್ಯೆಯನ್ನೂ ರೋಗಿಯ ಮುಂದಿಡುವುದು ವೈದ್ಯರ ಧರ್ಮ.

ಇನ್ನು ಕಪಾಲವನ್ನು ತೆರೆಯದ ಮಾರ್ಗಗಳು. ಕಪಾಲದ ತಳದಲ್ಲಿ ತ್ರಿಶಾಖ ನರದ ಮೂರನೆಯ ಶಾಖೆಯು ಹೊರಬರುವ ಅಂಡಾಕಾರದ ರಂಧ್ರವೊಂದಿದೆ. ಬಾಯಿಯ ಮೂಲೆಯ ಪಕ್ಕದಲ್ಲಿ ಕೆನ್ನೆಯೊಳಗೆ ಸೂಜಿಯನ್ನು ಹೊಗಿಸಿ, ಹಿಂದಕ್ಕೂ ಮೇಲಕ್ಕೂ ನಡಸಿದರೆ, ಈ ರಂಧ್ರದ ಮೂಲಕ ಗ್ಯಾಸರನ ಗಂಟನ್ನು ಮುಟ್ಟಬಹುದು. ಈ ದಾರಿಯನ್ನು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಜರ್ಮನಿಯ ಹೇರ್ಟೆಲನು ತೋರಿಸಿದನು. ದಾರಿ ಒಂದೇ, ಅಲ್ಲಿ ಹೋದ ಮೇಲೆ ಮಾಡುವ ಕೆಲಸಗಳು ಮೂರು.

ಮೊದಲನೆಯದು ಶಾಖ. ಸ್ವೀಟ್ ಮತ್ತು ವೆಪ್ಸಿಕ್ ಎಂಬವರು ೧೯೭೪ರಲ್ಲಿ ಇದರ ಆಧುನಿಕ ಕ್ರಮವನ್ನು ಪ್ರಕಟಿಸಿದರು. ಸೂಜಿಯು ಸ್ಥಳವನ್ನು ಸೇರಿದ ಮೇಲೆ ರೋಗಿಯನ್ನು ಎಚ್ಚರಿಸಿ, ಮೃದುವಾದ ವಿದ್ಯುತ್ಪ್ರವಾಹವನ್ನು ಬಿಟ್ಟು, ಜುಮ್ಮೆನ್ನುವುದು ಎಲ್ಲಿ ಎಂದು ಕೇಳುತ್ತಾರೆ. ನೋವಿನ ಸ್ಥಳವೂ ಜುಮ್ಮೆನ್ನುವ ಸ್ಥಳವೂ ಒಂದಾದಾಗ ಮತ್ತೆ ಮತ್ತು ಕೊಟ್ಟು, ಸೂಜಿಯ ತುದಿಯನ್ನು ಸುಮಾರು ೬೦ರಿಂದ ೯೦ ಡಿಗ್ರಿಗಳವರೆಗೆ ಒಂದು ನಿಮಿಷದಷ್ಟು ಕಾಲ ಕಾಯಿಸುತ್ತಾರೆ. ಬೇಕಾದ ಶಾಖೆಯನ್ನೇ ಆರಿಸಿಕೊಳ್ಳಬಹುದೆಂಬುದು ಇದರ ಗುಣ. ಆ ಸ್ಥಳದಲ್ಲಿ ಜೋಮು ಉಳಿಯುವುದು ಇದರ ಬೆಲೆ.

ಎರಡನೆಯದು ಗ್ಲಿಸರಿನ್. ಇದು ದೊರೆತದ್ದು ಆಕಸ್ಮಿಕವಾಗಿ. ಸ್ಟಾಕ್‌ಹೋಮ್ ನಗರದಲ್ಲಿ ಹೋಕನ್ಸನ್ ಎಂಬ ಶಸ್ತ್ರವೈದ್ಯನು ನರದ ಗಂಟು ಕಿರಣಚಿತ್ರದಲ್ಲಿ ಕಾಣಲೆಂದು ಲೋಹದ ಪುಡಿಯೊಂದನ್ನು ಗ್ಲಿಸರಿನ್ನಿನಲ್ಲಿ ಕಲಸಿ ಒಳಗೆ ಬಿಟ್ಟನು. ಕಿರಣಚಿಕಿತ್ಸೆಗೆ ಮೊದಲೇ ರೋಗಿಗಳ ನೋವು ಹೋಯಿತು! ಅವನು ೧೯೮೧ರಲ್ಲಿ ಇದನ್ನು ಒಂದು ಸ್ವತಂತ್ರ ಚಿಕಿತ್ಸೆಯಾಗಿ ಪ್ರಕಟಿಸಿದನು. ರೋಗಿಯನ್ನು ಕುಳ್ಳಿರಿಸಿ, ತಲೆಯನ್ನು ಮುಂದಕ್ಕೆ ಬಾಗಿಸಿ, ಗಂಟಿನ ಗುಳಿಯಲ್ಲಿ ಕೆಲವು ಹನಿ ಗ್ಲಿಸರಿನ್ ನಿಲ್ಲುವಂತೆ ಮಾಡುತ್ತಾರೆ.

ಮೂರನೆಯದು ಬೆಲೂನು. ಷಿಕಾಗೋ ನಗರದ ಮಲ್ಲನ್ ಮತ್ತು ಲಿಕ್ಟರ್ ಎಂಬವರು ೧೯೮೩ರಲ್ಲಿ ಇದನ್ನು ವಿವರಿಸಿದರು. ಸೂಜಿಯ ಮೂಲಕ ಸಣ್ಣ ಬೆಲೂನೊಂದನ್ನು ಗಂಟಿನ ಬಳಿಗೆ ನೂಕಿ, ದ್ರವದಿಂದ ಉಬ್ಬಿಸಿ, ಒಂದು ನಿಮಿಷದಷ್ಟು ಕಾಲ ನರವನ್ನು ಒತ್ತಿ, ಹೊರಕ್ಕೆ ತೆಗೆಯುತ್ತಾರೆ. ಕಿರಣಚಿತ್ರದಲ್ಲಿ ಬೆಲೂನು ಪೇರು ಹಣ್ಣಿನ ಆಕಾರದಲ್ಲಿ ಕಂಡರೆ ಅದು ಸರಿಯಾದ ಸ್ಥಳದಲ್ಲಿದೆಯೆಂದು ಅರ್ಥ. ರೋಗಿಯು ಪೂರ್ಣ ನಿದ್ರೆಯಲ್ಲಿಯೇ ಇರಬಹುದು. ಕಣ್ಣಿನ ಅರಿವನ್ನು ಕಾಯುವ ಸಣ್ಣ ಎಳೆಗಳಿಗೆ ಇದರಿಂದ ಪೆಟ್ಟು ಕಡಮೆ. ಆದುದರಿಂದ ಹಣೆಯ ಶಾಖೆಯ ನೋವಿಗೆ ಇದನ್ನು ಅನೇಕರು ಮೆಚ್ಚುತ್ತಾರೆ. ಒತ್ತುವಾಗ ಹೃದಯದ ಬಡಿತವು ತಟ್ಟನೆ ಇಳಿಯಬಹುದಾದ್ದರಿಂದ ಅರಿವಳಿಕೆಯ ವೈದ್ಯರು ಸನ್ನದ್ಧರಾಗಿರಬೇಕು. ಅಗಿಯುವ ಸ್ನಾಯುಗಳು ಕೆಲವು ಕಾಲ ದುರ್ಬಲವಾಗುವುದೂ ಸಾಮಾನ್ಯ.

ಈ ಮೂರು ವಿಧಾನಗಳಲ್ಲಿಯೂ ರೋಗಿಯು ಒಂದೆರಡು ದಿನಗಳಲ್ಲಿ ಮನೆಗೆ ಹೋಗಬಹುದು. ಅಮೆರಿಕ ಮತ್ತು ಯೂರೋಪಿನ ನರವೈದ್ಯ ಸಂಘಗಳು ಒಟ್ಟಾಗಿ ೨೦೦೮ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, ಮೊದಲಿಗೆ ನೂರಕ್ಕೆ ೯೦ರಷ್ಟು ಮಂದಿಗೆ ಇವುಗಳಿಂದ ಗುಣ ಕಾಣುತ್ತದೆ; ಐದು ವರ್ಷಗಳ ಹೊತ್ತಿಗೆ ಆ ಗುಣವು ಉಳಿದಿರುವುದು ಸುಮಾರು ಅರ್ಧದಷ್ಟು ಮಂದಿಗೆ. ಸುಮಾರು ಅರ್ಧದಷ್ಟು ಮಂದಿಗೆ ಮುಖದಲ್ಲಿ ಜೋಮು ಉಳಿಯುತ್ತದೆ. ನೋವು ಮರಳಿ ಬಂದರೆ ಇದೇ ಚಿಕಿತ್ಸೆಯನ್ನು ಪುನಃ ಮಾಡಬಹುದು; ಆದರೆ ಪ್ರತಿ ಸಾರಿಯೂ ಜೋಮು ಹೆಚ್ಚುವ ಸಂಭವವುಂಟು.

ಕೊನೆಯದು ಕತ್ತಿಯೂ ಇಲ್ಲದ, ಸೂಜಿಯೂ ಇಲ್ಲದ ಕಿರಣಚಿಕಿತ್ಸೆ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲನು ೧೯೫೧ರಲ್ಲಿ ಇದರ ಕಲ್ಪನೆಯನ್ನು ಮುಂದಿಟ್ಟನು. ಮುಖಶೂಲೆಯ ರೋಗಿಗಳ ಮೇಲೆ ಮೊದಲ ಪ್ರಯೋಗಗಳನ್ನು ಮಾಡಿದವನೂ ಅವನೇ. ಇಂದು ಗಾಮಾ ಚೂರಿ ಎಂದು ಕರೆಯಲ್ಪಡುವ ಯಂತ್ರದಲ್ಲಿ ಕೋಬಾಲ್ಟ್ ಧಾತುವಿನಿಂದ ಹೊರಡುವ ಸುಮಾರು ೨೦೦ ಕಿರಣಗಳು ನಾನಾ ದಿಕ್ಕುಗಳಿಂದ ಬಂದು ನರದ ಬುಡದ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಒಂದೊಂದು ಕಿರಣವೂ ದುರ್ಬಲ. ಸೇರಿದ ಸ್ಥಳದಲ್ಲಿ ಮಾತ್ರ ಪ್ರಬಲ. ಭೂತಗನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸಿ ಕಾಗದವನ್ನು ಸುಡುವ ಹುಡುಗರ ಆಟವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ಮತ್ತಿನ ಅವಶ್ಯಕತೆ ಇಲ್ಲ. ವೃದ್ಧರಿಗೂ, ಹೃದ್ರೋಗಿಗಳಿಗೂ, ರಕ್ತವನ್ನು ತೆಳುಗೊಳಿಸುವ ಔಷಧವನ್ನು ಬಿಡಲಾರದವರಿಗೂ ಇದು ಅನುಕೂಲ. ಆದರೆ ಗುಣವು ಅಂದೇ ಬರುವುದಿಲ್ಲ. ವಾರಗಳು, ಕೆಲವರಿಗೆ ತಿಂಗಳುಗಳೇ ಕಾಯಬೇಕು. ಅದುವರೆಗೆ ಔಷಧವನ್ನು ನಿಲ್ಲಿಸುವಂತಿಲ್ಲ. ಮೇಲೆ ಹೇಳಿದ ವಿಮರ್ಶೆಯಂತೆ, ಔಷಧವಿಲ್ಲದೆ ನೋವಿನಿಂದ ಬಿಡುಗಡೆಯಾಗಿರುವವರು ಒಂದು ವರ್ಷದ ಕೊನೆಯಲ್ಲಿ ನೂರಕ್ಕೆ ಸುಮಾರು ೭೦, ಮೂರು ವರ್ಷಗಳ ಕೊನೆಯಲ್ಲಿ ಸುಮಾರು ೫೦.

ಹಾಗಾದರೆ ಇವುಗಳಲ್ಲಿ ಯಾವುದು ಉತ್ತಮ? ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾರಿಗೆ ಎಂಬುದನ್ನು ಸೇರಿಸಿ ಕೇಳಿದರೆ ಉತ್ತರವುಂಟು. ಗಟ್ಟಿಮುಟ್ಟಾದ ಶರೀರ, ಮುಂದೆ ಬಹುಕಾಲದ ಆಯುಸ್ಸು, ಕಾಂತಚಿತ್ರದಲ್ಲಿ ನರವನ್ನು ಒತ್ತುವ ನಾಳ, ಇಷ್ಟೂ ಇರುವವರಿಗೆ ನಾಳವನ್ನು ಬಿಡಿಸುವ ಚಿಕಿತ್ಸೆಯೇ ಶ್ರೇಯಸ್ಕರವೆಂದು ತಜ್ಞರ ಅಭಿಪ್ರಾಯ. ಇಲ್ಲಿ ವರ್ಷಗಳ ಸಂಖ್ಯೆಗಿಂತ ದೇಹದ ಬಲವೇ ಮುಖ್ಯ. ಎಪ್ಪತ್ತು ವರ್ಷ ದಾಟಿಯೂ ಇದನ್ನು ಸುಖವಾಗಿ ತಾಳಿಕೊಂಡವರಿದ್ದಾರೆ. ಶರೀರವು ದುರ್ಬಲವಾಗಿದ್ದು, ನೋವಿನಿಂದ ಅನ್ನನೀರು ಬಿಟ್ಟು, ಇಂದೇ ಉಪಶಮನ ಬೇಕೆನ್ನುವವರಿಗೆ ಸೂಜಿಯ ಮಾರ್ಗ. ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವವರಿಗೂ ಸಾಮಾನ್ಯವಾಗಿ ಸೂಜಿಯ ಮಾರ್ಗ ಅಥವಾ ಕಿರಣ. ಕಾಯಬಲ್ಲವರಿಗೆ, ಅರಿವಳಿಕೆಯನ್ನು ತಾಳಲಾರದವರಿಗೆ ಕಿರಣ. ಒಂದು ಕಿವಿಯಿಂದ ಮಾತ್ರ ಕೇಳುವವರು ಆ ಕಡೆಯ ಕಪಾಲವನ್ನು ತೆರೆಯಿಸುವ ಮುನ್ನ, ಒಂದು ಕಣ್ಣಿನಿಂದ ಮಾತ್ರ ನೋಡುವವರು ಆ ಕಡೆಯ ನರವನ್ನು ಕೆಡಿಸುವ ಮುನ್ನ ಎರಡು ಸಾರಿ ಆಲೋಚಿಸಬೇಕು. ತಮ್ಮ ವೈದ್ಯರಿಗೆ ಯಾವ ವಿಧಾನದಲ್ಲಿ ಹೆಚ್ಚು ಕೈಪಳಗಿದೆಯೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಎಲ್ಲಕ್ಕೂ ಮೊದಲು ರೋಗದ ನಿರ್ಣಯವು ಸರಿಯಾಗಿರಬೇಕು. ಮುಖದ ನೋವುಗಳೆಲ್ಲ ಮುಖಶೂಲೆಯಲ್ಲ. ಹಗಲಿರುಳೂ ಒಂದೇ ಸಮನೆ ಉರಿಯುವ ನೋವು, ಸರ್ಪಸುತ್ತಿನ ತರುವಾಯ ಉಳಿಯುವ ನೋವು, ದವಡೆಯ ಕೀಲಿನ ನೋವು, ಇವುಗಳಿಗೆ ಮೇಲಿನ ಚಿಕಿತ್ಸೆಗಳನ್ನು ಮಾಡಿದರೆ ಗುಣವಾಗದಿರುವುದಷ್ಟೇ ಅಲ್ಲ, ಕೇಡೂ ಆದೀತು. ಈ ರೋಗವನ್ನು ಗುರುತಿಸುವುದಕ್ಕೆ ಕಾಂತಚಿತ್ರಕ್ಕಿಂತ ಮುಖ್ಯವಾದ ಸಾಧನವು ರೋಗಿಯ ಮಾತು. ನೋವು ಹೇಗೆ ಬರುತ್ತದೆ, ಎಷ್ಟು ಹೊತ್ತಿರುತ್ತದೆ, ಯಾವುದರಿಂದ ಏಳುತ್ತದೆ ಎಂಬುದನ್ನು ಕಾಲು ಗಂಟೆ ಕುಳಿತು ಕೇಳುವ ವೈದ್ಯರು ಕತ್ತಿ ಹಿಡಿಯುವ ಮೊದಲೇ ಅರ್ಧ ಕೆಲಸವನ್ನು ಮುಗಿಸಿರುತ್ತಾರೆ.

ರೋಗಿಗಳೂ ಅವರ ಮನೆಯವರೂ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಔಷಧವನ್ನು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಕಾಲ ಪರೀಕ್ಷಿಸಿ ನೋಡಿದ್ದಾಗಿದೆಯೆ? ಕಾಂತಚಿತ್ರದಲ್ಲಿ ಏನು ಕಂಡಿದೆ? ಈ ಚಿಕಿತ್ಸೆಯಿಂದ ನೋವು ಹೋದರೆ ಅದರ ಬದಲಿಗೆ ಏನು ಉಳಿಯಬಹುದು? ನೋವು ಮರಳಿದರೆ ಮುಂದಿನ ದಾರಿ ಯಾವುದು? ಇವುಗಳನ್ನು ಕೇಳುವುದು ಅವಿನಯವಲ್ಲ. ಒಳ್ಳೆಯ ಶಸ್ತ್ರವೈದ್ಯರು ಇವುಗಳನ್ನು ನಿರೀಕ್ಷಿಸುತ್ತಾರೆ.

ಒಂದು ಕಾಲದಲ್ಲಿ ಈ ನೋವಿನವರಿಗೆ ಬದುಕೇ ಭಾರವಾಗುತ್ತಿತ್ತು. ಹಲ್ಲುಗಳನ್ನೂ, ಮುಖದ ಅರಿವನ್ನೂ, ಕೆಲವೊಮ್ಮೆ ಕಣ್ಣನ್ನೂ ತೆತ್ತು ಅವರು ಬಿಡುಗಡೆಯನ್ನು ಪಡೆಯಬೇಕಾಗಿತ್ತು. ಇಂದು ಬೆಲೆಯು ಬಹಳ ಇಳಿದಿದೆ. ಆದರೆ ಪೂರ್ತಿಯಾಗಿ ಹೋಗಿಲ್ಲ. ನಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ತುತ್ತನ್ನು ಬಾಯಿಗೆ ಇಡುವಾಗ ತಟ್ಟನೆ ನಿಂತು ಕೆನ್ನೆಯನ್ನು ಕೈಯಿಂದ ಮರೆಮಾಡಿಕೊಂಡರೆ, ಅದನ್ನು ವಯಸ್ಸಿನ ಚಾಪಲ್ಯವೆಂದು ತಳ್ಳಿಹಾಕದೆ, ಹಲ್ಲು ಕೀಳಿಸಲು ಅವಸರಪಡದೆ, ಅವರ ಮಾತನ್ನು ನಂಬಿ ನರವೈದ್ಯರಲ್ಲಿಗೆ ಕರೆದೊಯ್ಯುವುದು ನಮ್ಮ ಕರ್ತವ್ಯವಾಗಿದೆ. ಅಷ್ಟನ್ನು ಮಾಡಿದರೆ, ಮುಖವನ್ನು ತಣ್ಣೀರಿನಿಂದ ನಿರ್ಭಯವಾಗಿ ತೊಳೆದುಕೊಳ್ಳುವ ಸುಖವು ಅವರಿಗೆ ಮತ್ತೆ ದೊರೆಯುವ ಸಂಭವವು ಬಹಳವಾಗಿಯೇ ಇದೆ.